ಯಾರ ಲೋಕ ಮುಳುಗಿತು?

ರಾವೂರಿನ ರಸ್ತೆ ಬದಿಯ ಒಂದು ಚಹಾದ ಅಂಗಡಿ. ಕಲ್ಲಿನ ಖಣಿಯ ಕೆಲಸ, ಪಾಲಿಶ್ ಮಷೀನಿನ ಕೆಲಸ ಮುಗಿಸಿದವರು, ವಾಡಿ-ಚಿತ್ತಾಪುರದ ಕಡೆ ಕಾಲೇಜಿಗೆ ಹೋಗಿ ಬಂದ ಹುಡುಗರು ಸಂಜೆ ಹೊತ್ತು ಅಲ್ಲಿ ಕೂಡುತ್ತಾರೆ. ಮೈಮೇಲಿನ ಬಿಳಿ ದೂಳು ಇನ್ನೂ ಕೊಡವಿರುವುದಿಲ್ಲ. 2025ರ ಏಪ್ರಿಲ್ 22ರ ಸಂಜೆ ನಾನು ಅಲ್ಲಿ ಹೋದಾಗ ದೊಡ್ಡ ಜಗಳವೇ ನಡೆದಿತ್ತು. ಪಂಚಾಯಿತಿ ಚುನಾವಣೆಯದಲ್ಲ, ಕೂಲಿಯದೂ ಅಲ್ಲ.

'ಸರ, ಜೋಯೆಲ್‌ಗ ಹೊಡದು ಹಾಕಿದ್ಳು ನೋಡ್ರಿ ಆ ಅಬ್ಬಿ. ಗಾಲ್ಫ್ ಆಡೋ ಕೋಲ್ ತಗೊಂಡು. ನಿನ್ನಿ ರಾತ್ರಿ ನನಗ ನಿದ್ದಿನೇ ಬರ್ಲಿಲ್ಲ' ಅಂದ ಒಬ್ಬ.

'ಹಂಗಲ್ಲಲೇ, ಅಕಿ ಅಪ್ಪಗ ಇಂವಾ ಮೊದ್ಲ ಕೊಂದಿದ್ದಿಲ್ಲೇನು? ಸೇಡು ತೀರ್ಸ್ಕೊಂಡಾಳ. ಅದ್ರಾಗ ತಪ್ಪೇನದ?' ಅಂದ ಇನ್ನೊಬ್ಬ.

ಮೂಲೆಯ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಹರೆಯದಿಂದ ಕಲ್ಲು ಒಡೆದ ಕೈ. ಹುಡುಗರ ಮಾತು ಕೇಳಿ ಕೇಳಿ, 'ಯಾರ್ ಸತ್ತಾರೋ ತಮ್ಮಾ?' ಎಂದು ಕೇಳಿದ.

'ಯಾರೂ ಸತ್ತಿಲ್ಲ ಮುತ್ಯಾ, ಸೀರಿಯಲ್ಲಿನ ಮಾತು. ದುನಿಯಾ ಮುಗದ್ಹೋಗ್ಯಾದ ಅದ್ರಾಗ. ಎಂಥದೋ ರೋಗ ಬಂದು ಮಂದೆಲ್ಲಾ ಸತ್ತಾರ. ಉಳದವ್ರು ಗ್ವಾಡಿ ಕಟ್ಕೊಂಡು ಒಳಗ ಅದಾರ. ಒಳಗ ಹೋಗಬೇಕಂದ್ರ ಪರವಾನಗಿ ಬೇಕು. ಕಾರ್ಡ್ ಇದ್ರ ರೇಷನ್. ಹೆಣ ಸುಟ್ರ ಕೂಲಿ.'

ಮುತ್ಯಾ ಚಹಾದ ಬಸಿಗೆ ಕೆಳಗಿಟ್ಟ. 'ಅದ್ರಾಗ ಮುಗದಿದ್ದೇನದನೋ?' ಅಂದ.

ಹುಡುಗರು ಹೋ ಎಂದು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಈ ಬಗೆಯ ಧಾರಾವಾಹಿಗಳ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಆ ಪ್ರಶ್ನೆ ಕೇಳಿರಲಿಲ್ಲ. ಅದನ್ನೇ ಹಿಡಿದುಕೊಂಡು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ನೋಡದವರಿಗಾಗಿ ಕತೆಯನ್ನು ಹೇಳಿಬಿಡುತ್ತೇನೆ. ಧಾರಾವಾಹಿಯ ಹೆಸರು 'ದಿ ಲಾಸ್ಟ್ ಆಫ್ ಅಸ್'. ಅಮೆರಿಕದ ಎಚ್‌ಬಿಓ ಕಂಪನಿಯದು. 2013ರಲ್ಲಿ ಬಂದ ಒಂದು ವಿಡಿಯೋ ಆಟವನ್ನು ಕ್ರೇಗ್ ಮೇಜಿನ್ ಮತ್ತು ನೀಲ್ ಡ್ರಕ್‌ಮನ್ ಎಂಬವರು 2023ರಲ್ಲಿ ಧಾರಾವಾಹಿ ಮಾಡಿದರು. ಕಾರ್ಡಿಸೆಪ್ಸ್ ಎಂಬ ಒಂದು ಜಾತಿಯ ಬೂಷ್ಟು ಮನುಷ್ಯರ ತಲೆ ಹೊಕ್ಕು ಅವರನ್ನು ಹುಚ್ಚು ಮೃಗಗಳನ್ನಾಗಿ ಮಾಡುತ್ತದೆ. ಕತೆಯ ಪ್ರಕಾರ 2003ರಲ್ಲಿ ಲೋಕ ಕುಸಿಯುತ್ತದೆ; ಇಪ್ಪತ್ತು ವರ್ಷಗಳ ನಂತರ ಉಳಿದವರ ಬದುಕು ನಮಗೆ ಕಾಣುತ್ತದೆ. ಮಗಳನ್ನು ಕಳೆದುಕೊಂಡ ಜೋಯೆಲ್, ರೋಗ ತಾಕದ ಹುಡುಗಿ ಎಲ್ಲಿ. ಇಬ್ಬರೂ ಕೂಡಿ ದೇಶ ದಾಟುತ್ತಾರೆ. ಎಲ್ಲಿಯ ಮಿದುಳಿನಿಂದ ಔಷಧಿ ಮಾಡಬಹುದು, ಆದರೆ ಅವಳು ಉಳಿಯುವುದಿಲ್ಲ ಎಂದು ಗೊತ್ತಾದಾಗ ಜೋಯೆಲ್ ಆಸ್ಪತ್ರೆಯವರನ್ನು ಕೊಂದು ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಸತ್ತ ಡಾಕ್ಟರನ ಮಗಳೇ ಅಬ್ಬಿ. ಎರಡನೆಯ ಭಾಗದ ಎರಡನೆಯ ಕಂತಿನಲ್ಲಿ ಅವಳು ಜೋಯೆಲ್‌ನನ್ನು ಕೊಲ್ಲುತ್ತಾಳೆ.

ಆ ಎರಡನೆಯ ಭಾಗ ಅಮೆರಿಕದಲ್ಲಿ ಏಪ್ರಿಲ್ 13ರ ರಾತ್ರಿ ಶುರುವಾಯಿತು. ಅವರ ರಾತ್ರಿ ನಮಗೆ ಬೆಳಗು. ಇಲ್ಲಿ ಅದು ಏಪ್ರಿಲ್ 14, ಬಾಬಾಸಾಹೇಬರ ಜಯಂತಿ. ನೀಲಿ ಬಾವುಟ ಕಟ್ಟಿದ ಕೈಯಿಂದಲೇ ನಮ್ಮ ಹುಡುಗರು ಫೋನ್ ತೆರೆದು ಅದನ್ನು ನೋಡಿದರು. ಇದನ್ನು ಟೀಕೆಯಾಗಿ ಹೇಳುತ್ತಿಲ್ಲ. ಪೂರ್ತಿ ತಿಳಿಯದ ಇಂಗ್ಲಿಷಿನಲ್ಲಿ, ಡೇಟಾ ಉಳಿಸಿ ಉಳಿಸಿ, ಒಂದೇ ಫೋನಿನಲ್ಲಿ ಮೂವರು ಬಗ್ಗಿ ನೋಡುವ ಮಕ್ಕಳು ಅವರು. ಏನು ಕಂಡು ನೋಡುತ್ತಾರೆ ಎಂದು ತಿಳಿಯದೆ 'ಇದೆಲ್ಲಾ ಪಾಶ್ಚಾತ್ಯ ಕಸ' ಎಂದು ತಳ್ಳಿಹಾಕುವುದು ಸೋಮಾರಿತನ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಬೂಸಾ ಎಂದಾಗ ಅದರ ಹಿಂದೆ ಒಂದು ಕೇಳ್ವಿಯಿತ್ತು: ಇದರಲ್ಲಿ ನಮ್ಮ ಮಂದಿ ಎಲ್ಲಿದ್ದಾರೆ? ಆ ಕೇಳ್ವಿಯನ್ನು ಪುಸ್ತಕಕ್ಕೆ ಕೇಳಿದ ಹಾಗೆ ಫೋನಿಗೂ ಕೇಳಬೇಕು.

ಮುತ್ಯಾನ ಮಾತಿಗೆ ಬರೋಣ. ಲೋಕ ಮುಗಿದಿದೆ ಎಂದು ತೋರಿಸಲಿಕ್ಕೆ ಈ ಧಾರಾವಾಹಿ ಯಾವ ಗುರುತುಗಳನ್ನು ಬಳಸುತ್ತದೆ? ಬಾಸ್ಟನ್ ಊರಿಗೆ ಗೋಡೆ. ಗೋಡೆಯ ಬಾಗಿಲಲ್ಲಿ ಬಂದೂಕಿನವರು. ಹೊರಗಿನಿಂದ ಬಂದವರನ್ನು ಮುಟ್ಟುವ ಮೊದಲು ಪರೀಕ್ಷೆ. ಅಳೆದು ಕೊಡುವ ಅನ್ನ. ಮೊದಲು ಮನೆ ಕಟ್ಟಿಸುವ ಗುತ್ತಿಗೆದಾರನಾಗಿದ್ದ ಜೋಯೆಲ್ ಈಗ ರೇಷನ್ ಚೀಟಿಗಾಗಿ ಹೆಣಗಳನ್ನು ಬೆಂಕಿಗೆ ಎಸೆಯುವ ಕೂಲಿ. ಒಂದು ಕೂಸಿನ ಹೆಣವನ್ನು ಬೇರೆಯವರು ಎತ್ತಲಾರದಾದಾಗ ಇವನು ಎತ್ತಿ ಹಾಕುತ್ತಾನೆ. ಆಮೇಲೆ ನಾಳೆ ಏನು ಕೆಲಸವಿದೆ ಎಂದು ವಿಚಾರಿಸುತ್ತಾನೆ. ಬೀದಿ ಗುಡಿಸುವುದಿದೆ, ಚರಂಡಿಯದಿದೆ. ಹೇಲಿನ ಕೆಲಸಕ್ಕೆ ಕೂಲಿ ಜಾಸ್ತಿ. ಈ ದೃಶ್ಯ ನೋಡಿ ಜಗತ್ತಿನ ಪ್ರೇಕ್ಷಕರೆಲ್ಲ 'ಅಯ್ಯೋ, ಮನುಷ್ಯನಿಗೆ ಎಂಥ ಗತಿ ಬಂತು' ಎಂದರು.

ಎಂಥ ಗತಿ? ನಮ್ಮ ಹಳ್ಳಿಗಳಲ್ಲಿ ಸತ್ತ ದನ ಎಳೆದವರು, ಹೆಣಕ್ಕೆ ಕುಣಿ ತೋಡಿದವರು, ಪಟ್ಟಣಗಳಲ್ಲಿ ಮಲದ ಬುಟ್ಟಿ ಹೊತ್ತವರು ಯಾವ ಬೂಷ್ಟಿನ ರೋಗದಿಂದ ಆ ಕೆಲಸಕ್ಕೆ ಬಂದರು? ತಲೆಯ ಮೇಲೆ ಮಲ ಹೊರುವುದನ್ನು ಈ ನಾಡಿನಲ್ಲಿ ನಿಷೇಧಿಸಿದ್ದು ಅದೇ ಬಸವಲಿಂಗಪ್ಪ, ಅರಸು ಸರ್ಕಾರದ ಮಂತ್ರಿಯಾಗಿದ್ದಾಗ. ಅದಕ್ಕೆ ದೇಶದ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ ಮತ್ತೊಂದು ಕಾನೂನು 2013ರಲ್ಲಿ. ಇವೆರಡರ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಅದಕ್ಕೆ ಯಾರೂ ಪ್ರಳಯ ಎಂದು ಹೆಸರಿಡಲಿಲ್ಲ.

ನನಗೆ ಕಾಣುವುದು ಇಷ್ಟು. ಈ ಧಾರಾವಾಹಿಗಳು ಯಾವುದನ್ನು ಪ್ರಳಯ ಎನ್ನುತ್ತವೆಯೋ ಅದು ಸೃಷ್ಟಿಯ ನಾಶವಲ್ಲ. ಇಷ್ಟು ದಿನ ಕೆಲವರ ಪಾಲಿಗೆ ಮಾತ್ರ ಇದ್ದ ಬದುಕು ಎಲ್ಲರ ಪಾಲಿಗೂ ಬಂದುಬಿಡುವುದು. ಅಳೆದ ಅನ್ನ, ದೂರದ ನೀರು, ಕಾವಲಿನ ಬಾಗಿಲು, ಮುಟ್ಟಬೇಡ ಎನ್ನುವ ದನಿ, ಹೆಣ ಮತ್ತು ಹೇಲಿನ ಕೆಲಸ. ಇವು ಒಂದು ಕೇರಿಯಲ್ಲಿದ್ದರೆ ಅದು ಪದ್ಧತಿ. ಎಲ್ಲ ಕೇರಿಗಳಿಗೆ ಹಬ್ಬಿದರೆ ಲೋಕದ ಅಂತ್ಯ. ಮುತ್ಯಾ ಫೋನ್ ನೋಡದೆಯೇ ಹೇಳಿದ್ದು ಇದನ್ನೇ.

ನಿಜವಾದ ರೋಗವೂ ಒಮ್ಮೆ ಬಂದಿತ್ತಲ್ಲ, ಅದನ್ನೂ ನೆನೆಯೋಣ. ಕೊರೋನಾದಿಂದ ಭಾರತದಲ್ಲಿ ದಾಖಲಾದ ಮೊದಲ ಸಾವು ನಮ್ಮ ಕಲಬುರಗಿಯದು, 2020ರ ಮಾರ್ಚ್ 10ರಂದು. ಎರಡು ವಾರ ಕಳೆದು, ಮಾರ್ಚ್ 24ರ ರಾತ್ರಿ, ನಾಲ್ಕು ತಾಸಿನ ಮುನ್ಸೂಚನೆಯಲ್ಲಿ ದೇಶಕ್ಕೆ ಬೀಗ ಹಾಕಿದರು. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ಈ ಭಾಗದ ಮಂದಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಬಿದ್ದರು. ಊರಿಗೆ ಬಂದರೆ ಊರ ಹೊರಗಿನ ಶಾಲೆ. ಊರ ಹೊರಗೆ ಅನ್ನುವುದು ಅವರಲ್ಲಿ ಬಹಳ ಮಂದಿಗೆ ಹೊಸದೇನೂ ಆಗಿರಲಿಲ್ಲ. ಅದೇ ಮೇ ತಿಂಗಳ ಮೊದಲ ವಾರ ನಮ್ಮ ರಾಜ್ಯ ಸರ್ಕಾರ ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿ, ಹೊರರಾಜ್ಯದ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿತು. ಆಳುಗಳು ಹೋದರೆ ಕಟ್ಟಡ ನಿಲ್ಲುತ್ತದಲ್ಲ. ಕೂಗೆದ್ದ ಮೇಲೆ ಎರಡು ಮೂರು ದಿನದಲ್ಲಿ ಆ ನಿರ್ಧಾರ ತಿರುಗಿತು. ಧಾರಾವಾಹಿಯ ಸೈನಿಕರು ಜನರನ್ನು ಗೋಡೆಯೊಳಗೆ ಹಿಡಿದಿಟ್ಟರೆ ನಮ್ಮ ಹುಡುಗರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಸರಿಯಾದದ್ದು. ಆದರೆ 2020ರ ಮೇ ತಿಂಗಳು ಅವರಿಗೆ ಆಗಲೇ ಮರೆತುಹೋಗಿದೆ.

ಈ ಮಾತನ್ನೆಲ್ಲ ಮರುವಾರ ಅದೇ ಅಂಗಡಿಯಲ್ಲಿ ಹುಡುಗರ ಮುಂದಿಟ್ಟೆ. ಆಗ ಅವರಲ್ಲೊಬ್ಬ, ಹೆಚ್ಚು ಮಾತಾಡದವನು, ನನಗೆ ಸರಿಯಾಗಿಯೇ ತಿರುಗಿ ಹೇಳಿದ: 'ಖರೇ ಅದ ಸರ. ಆದ್ರ ನಾವು ಯಾಕ್ ನೋಡ್ತೀವಿ ಕೇಳ್ರಿ. ಅಲ್ಲಿ ದುನಿಯಾ ಮುಗದ ಮ್ಯಾಲ ಯಾರೂ ಯಾರಿಗೂ ನೀ ಯಾರ ಪೈಕಿ ಅಂತ ಕೇಳಂಗಿಲ್ಲ. ನಿನಗೇನ್ ಬರ್ತದ ಅಂತಷ್ಟೇ ಕೇಳ್ತಾರ.'

ನಾನು ಸುಮ್ಮನಾದೆ. ಮೊದಲ ಭಾಗದ ಆರನೆಯ ಕಂತಿನಲ್ಲಿ ಜಾಕ್ಸನ್ ಎಂಬ ಊರು ಬರುತ್ತದೆ. ಅಣೆಕಟ್ಟಿನಿಂದ ವಿದ್ಯುತ್, ಎಲ್ಲರ ಮಕ್ಕಳಿಗೂ ಒಂದೇ ಶಾಲೆ, ಸರದಿಯ ಕೆಲಸ, ಎಲ್ಲರ ಒಡೆತನ. ಇದು ಕಮ್ಯುನಿಸಂ ಅಲ್ಲವೇ ಎಂದು ಅಲ್ಲಿಯವರೇ ತಮಾಷೆ ಮಾಡಿಕೊಳ್ಳುತ್ತಾರೆ. ಕೋಟಿಗಟ್ಟಲೆ ಡಾಲರ್ ಸುರಿದ ಬಂಡವಾಳಶಾಹಿ ಕಂಪನಿಯೊಂದು ಸಮಾನತೆಯ ಊರನ್ನು ತೋರಿಸಲಿಕ್ಕೆ ಮೊದಲು ಲೋಕವನ್ನೇ ಕೊಲ್ಲಬೇಕಾಯಿತು. ನಮ್ಮ ಹುಡುಗನಿಗೆ ಹಿಡಿಸಿದ್ದು ಆ ಊರು. ಕೇರಿಯ ಹೆಸರು ಹೇಳದೆ ಒಂದು ಕೆಲಸ, ಒಂದು ಬಾಡಿಗೆ ಮನೆ ಸಿಗದ ಹುಡುಗನಿಗೆ ಲೋಕ ಮುಗಿಯುವುದು ಹೆದರಿಕೆಯ ಕತೆಯಲ್ಲ, ಅದು ಆಸೆ. ಈ ಆಸೆಯನ್ನು ಅರ್ಥ ಮಾಡಿಕೊಳ್ಳದ ವಿಮರ್ಶೆ ಅವನ ಹತ್ತಿರ ಹೋಗುವುದೂ ಇಲ್ಲ.

ಆದರೆ ತಮ್ಮಾ, ಪ್ರಳಯ ಬಂದರೆ ಜಾತಿ ಹೋಗುತ್ತದೆಯೇ? 2004ರ ಡಿಸೆಂಬರ್ 26ರ ಸುನಾಮಿ ನಾಗಪಟ್ಟಣಂ ಕರಾವಳಿಯನ್ನು ಬಳಿದುಕೊಂಡು ಹೋಯಿತು. ಸಮುದ್ರ ಯಾರ ಜಾತಿಯನ್ನೂ ಕೇಳಲಿಲ್ಲ. ಆದರೆ ಪರಿಹಾರ ಶಿಬಿರದಲ್ಲಿ ಕೇಳಿದರು. ದಲಿತರನ್ನು ಬೇರೆ ಕೂರಿಸಿದರು, ನೀರಿನ ಟ್ಯಾಂಕು ಮುಟ್ಟಗೊಡಲಿಲ್ಲ, ಕೊಳೆತ ಹೆಣ ಎತ್ತಲು ಮಾತ್ರ ದೂರದ ಊರುಗಳಿಂದ ಪೌರಕಾರ್ಮಿಕರನ್ನು ಕರೆತಂದರು. ಇದೆಲ್ಲ ಆಗಲೇ ಪತ್ರಿಕೆಗಳಲ್ಲಿ, ವರದಿಗಳಲ್ಲಿ ಬಂದಿದೆ. ಮನೆ ಮಠ ತೇಲಿಹೋದರೂ ಜಾತಿ ಮಾತ್ರ ತಲೆಯೊಳಗೆ ಒಣಗಿಕೊಂಡೇ ಉಳಿದಿತ್ತು.

ಇದನ್ನು ತಿಳಿದು ಮಾಡಿದ ಧಾರಾವಾಹಿಯೂ ನಮ್ಮ ದೇಶದಲ್ಲಿ ಒಂದಿದೆ: 'ಲೈಲಾ'. 2019ರ ಜೂನ್ 14ರಂದು ನೆಟ್‌ಫ್ಲಿಕ್ಸಿನಲ್ಲಿ ಬಂತು, ಆರು ಕಂತು. ಪ್ರಯಾಗ್ ಅಕ್ಬರ್ ಅವರ ಇಂಗ್ಲಿಷ್ ಕಾದಂಬರಿಯ ಆಧಾರ. ನಿರ್ದೇಶಕರು ದೀಪಾ ಮೆಹ್ತಾ, ಶಂಕರ್ ರಾಮನ್, ಮತ್ತು ನಮ್ಮ ಕನ್ನಡದ ಪವನ್ ಕುಮಾರ್. ಪ್ರೇಕ್ಷಕರಿಂದಲೇ ದುಡ್ಡು ಕೂಡಿಸಿ 'ಲೂಸಿಯಾ' ತೆಗೆದವರು. ರಾವೂರಿನ ಹುಡುಗರಲ್ಲಿ ಇದನ್ನು ನೋಡಿದವರು ಒಬ್ಬರೂ ಇರಲಿಲ್ಲ.

ಅದರ ಕಾಲ 2040ರ ಆಚೆ. ದೇಶದ ಹೆಸರು ಆರ್ಯಾವರ್ತ. ಪ್ರತಿ ಸಮುದಾಯಕ್ಕೂ ಒಂದೊಂದು ಗೋಡೆ. ಗೋಡೆಯ ಹೊರಗೆ ಕಸದ ಗುಡ್ಡಗಳ ನಡುವೆ ಇರುವವರಿಗೆ 'ದೂಷ್' ಎಂಬ ಹೆಸರು. ನೀರು ಉಳ್ಳವರ ಸೊತ್ತು. ಶಾಲಿನಿ ಎಂಬ ಹೆಣ್ಣುಮಗಳು ಮುಸ್ಲಿಮನನ್ನು ಮದುವೆಯಾಗಿದ್ದಾಳೆ; ಮಗಳು ಲೈಲಾ 'ಬೆರಕೆ'. ಮನೆಯ ಈಜುಕೊಳದಲ್ಲಿ ಅವರು ಆಡುತ್ತಿರುವಾಗ ಗುಂಪು ನುಗ್ಗಿ ಗಂಡನನ್ನು ಹೊಡೆದು, ಮಗಳನ್ನು ಕಸಿದು, ಅವಳನ್ನು ಶುದ್ಧಿ ಕೇಂದ್ರಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಹೆಂಗಸರನ್ನು ಗಂಡಸರು ಉಂಡು ಬಿಟ್ಟ ಎಂಜಲಿನ ಮೇಲೆ ಉರುಳಾಡಿಸುತ್ತಾರೆ.

ದೇಶದ ಬೇರೆ ಕಡೆಯ ಪ್ರೇಕ್ಷಕರಿಗೆ ಅದು ಭೀಕರ ಕಲ್ಪನೆಯಾಗಿ ಕಂಡಿರಬಹುದು. ನಮಗೆ? ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಗೆ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುವ ಮಡೆಸ್ನಾನಕ್ಕೆ ಎಷ್ಟು ವರ್ಷ ಹೋರಾಟವಾಯಿತು! ಅದನ್ನು ಅಪರಾಧ ಎಂದು ಕರ್ನಾಟಕದ ಕಾನೂನು ಹೇಳಿದ್ದು 2017ರಲ್ಲಿ. ಆ ಕಾನೂನು ಜಾರಿಗೆ ಬಂದದ್ದು 2020ರಲ್ಲಿ. 'ಲೈಲಾ' ತೆರೆಗೆ ಬಂದಾಗ ಅದಿನ್ನೂ ಜಾರಿಯಾಗಿರಲಿಲ್ಲ. ಮುಂದಿನ ಕಾಲದ ಕತೆ ಎಂದು ತೋರಿಸಿದ್ದು ನಮ್ಮ ದಕ್ಷಿಣ ಕನ್ನಡದ ಹಿಂದಿನ ಕಾಲ.

ಬೆರಕೆಯ ಮಾತೂ ಹಾಗೆಯೇ. ನಮ್ಮ ಪಕ್ಕದ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ತಂದೆಯರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದರು, ಶರಣರು ದಿಕ್ಕಾಪಾಲಾದರು ಎಂದು ನಮ್ಮ ಹಳ್ಳಿಹಳ್ಳಿಯೂ ಹೇಳುತ್ತದೆ. ನೀ ಯಾರವನು ಎಂದು ಕೇಳದೆ ಕಾಯಕ ಕೇಳಿದ ಊರೊಂದು ನಿಜವಾಗಿಯೂ ಮುಗಿದುಹೋದದ್ದು ಹಾಗೆ. ನಮ್ಮ ಹುಡುಗ ಜಾಕ್ಸನ್ನಿನಲ್ಲಿ ಹುಡುಕಿದ್ದು ಅವನ ನೆರೆಯಲ್ಲೇ ಇತ್ತು.

ಹಾಗೆಂದು 'ಲೈಲಾ'ವನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಅದರ ಕಣ್ಣು ಶಾಲಿನಿಯ ಕಣ್ಣು. ನೀರಿಗೆ ಬರ ಬಿದ್ದಿರುವಾಗಲೂ ಈಜುಕೊಳ ತುಂಬಿಸುವಷ್ಟು ಉಳ್ಳವಳು. ಅವಳ ಲೋಕ ಮುಳುಗಿದ ಮೇಲೆಯೇ ಕತೆ ಶುರುವಾಗುವುದು. ಅದಕ್ಕೂ ಮೊದಲು ಹೊರಗೆ ಮುಳುಗಿದ್ದವರು ಹಿನ್ನೆಲೆಯ ಹೊಗೆಯಾಗಿ ಮಾತ್ರ ಉಳಿದಿದ್ದಾರೆ. ಆ ಮನೆಯಲ್ಲಿ ಲೈಲಾಳನ್ನು ಎತ್ತಿ ಆಡಿಸಿದ ಕೆಲಸದವಳು ಸಪ್ನಾ. ಕೊನೆಗೆ ಅವಳೇ ಮೇಲೇರಿ ಮಗುವಿಗೆ ತಾಯಿಯಾಗಿ ನಿಲ್ಲುತ್ತಾಳೆ. ಅವಳು ಏನು ಕಂಡಳು, ಏನು ಉಂಡಳು, ಒಡತಿಯ ಮಾತು ಅವಳಿಗೆ ಎಲ್ಲಿ ತಾಕಿತ್ತು? ಆ ಕತೆಯನ್ನು ಯಾರೂ ಹೇಳುವುದಿಲ್ಲ. ಸಪ್ನಾಳ ಕಡೆಯಿಂದ ನೋಡಿದ್ದರೆ ಇದು ಬೇರೆಯೇ ಧಾರಾವಾಹಿಯಾಗುತ್ತಿತ್ತು. ಅದನ್ನು ಬರೆಯಬೇಕಾದವರು ನಮ್ಮಲ್ಲೇ ಇದ್ದಾರೆ.

ಇನ್ನು ಅಭಿಮಾನಿಗಳ ಮಾತು. ಜೋಯೆಲ್ ಸರಿಯೋ ಅಬ್ಬಿ ಸರಿಯೋ ಎಂದು ನಮ್ಮ ಹುಡುಗರು ಗಂಟೆಗಟ್ಟಲೆ ವಾದಿಸಿದರು. ಸೇಡಿಗೆ ಸೇಡು ಎಲ್ಲಿಗೆ ಒಯ್ಯುತ್ತದೆ ಎಂಬ ಒಳ್ಳೆಯ ಪ್ರಶ್ನೆಯೂ ಅದರಲ್ಲಿದೆ. ಆದರೆ ನಮ್ಮ ನಾಡಿನಲ್ಲಿ ಅಭಿಮಾನಿಯಾಗುವುದಕ್ಕೂ ಜಾತಿಯ ಪರವಾನಗಿ ಬೇಕು. ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪಿದೆಯೇ? 2014ರ ಆಗಸ್ಟ್ 28. ಗಂಗಾವತಿಯ ಚಿತ್ರಮಂದಿರದಲ್ಲಿ ಆದ ಒಂದು ಜಗಳ. ಸಿನಿಮಾ ನೋಡಲು ಹೋದ ಹುಡುಗರ ಜಗಳ. ಆ ಸಿಟ್ಟು ಹಳ್ಳಿಗೆ ಬಂದು ದಲಿತರ ಮೇಲೆ ಹಲ್ಲೆಯಾಗಿ, ಅವರ ಗುಡಿಸಲುಗಳಿಗೆ ಬೆಂಕಿಯಾಗಿ ಹೊತ್ತಿಕೊಂಡಿತು. ಹತ್ತು ವರ್ಷ ಕಳೆದು, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಬಹುಪಾಲು ಮಂದಿಗೆ ಜಾಮೀನು ಸಿಕ್ಕಿತು. ಸಿನಿಮಾ ನೋಡಿದ್ದಕ್ಕೆ ಲೋಕ ಸುಟ್ಟುಹೋದ ಕತೆ ಇದು. ಫೋನಿನಲ್ಲಿ ಒಬ್ಬೊಬ್ಬರೇ ನೋಡುವ ಈ ಕಾಲದಲ್ಲಿ ಟಿಕೇಟಿನ ಸಾಲು ಇಲ್ಲ, ನಿಜ. ನಮ್ಮ ಹುಡುಗರು ಫೋನನ್ನು ಅಷ್ಟು ಅಪ್ಪಿಕೊಂಡಿರುವುದಕ್ಕೆ ಇದೂ ಒಂದು ಕಾರಣವೇನೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಗೆಳೆಯರೇ, ನೋಡಬೇಡಿ ಎಂದು ಹೇಳಲು ಇದನ್ನು ಬರೆದಿಲ್ಲ. ಒಬ್ಬೊಬ್ಬರೇ ನೋಡುವುದನ್ನು ಕೂಡಿ ನೋಡಿರಿ ಎಂದು ಕೇಳುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ದುಡಿಯುವ ಮಾಸ್ತರರು, ಹಾಸ್ಟೆಲ್ಲಿನ ವಿದ್ಯಾರ್ಥಿಗಳು, ಸಂಘಟನೆಯ ಕಾರ್ಯಕರ್ತರು ಒಂದು ಕಂತನ್ನಾದರೂ ಅಂಬೇಡ್ಕರ್ ಭವನದ ಗೋಡೆಯ ಮೇಲೆ ಹಾಕಿ ತೋರಿಸಿರಿ. ಮುಗಿದ ಮೇಲೆ ಜೋಯೆಲ್-ಅಬ್ಬಿಯರ ಪಂಚಾಯಿತಿಗೆ ಅರ್ಧ ತಾಸು ಕೊಡಿರಿ. ಆಮೇಲೆ ಮೂರು ಪ್ರಶ್ನೆ ಕೇಳಿರಿ. ಈ ಊರಿನಲ್ಲಿ ನೀರು ತರುವವರು ಯಾರು? ಹೆಣ ಮತ್ತು ಹೇಲು ಎತ್ತುವವರು ಯಾರು? ಬಾಗಿಲು ಹಾಕಿದಾಗ ಹೊರಗೆ ಉಳಿಯುವವರು ಯಾರು? ಉತ್ತರ ತೆರೆಯ ಮೇಲೆ ಸಿಗದಿದ್ದರೆ ಮಕ್ಕಳು ತಾವೇ ಬರೆಯಲಿ. ನೀರು ತುಂಬಿದ ಹಳೆ ಖಣಿಗಳು, ಒಡೆದ ಕಲ್ಲಿನ ಗುಡ್ಡಗಳು, ದೂಳು ಕುಡಿದ ಎದೆಗಳು ಅವರ ಕಣ್ಣ ಮುಂದೆಯೇ ಇವೆ.

ಆ ಹುಡುಗರಿಗೆ 'ಲೈಲಾ' ಹೆಸರು ಬರೆದುಕೊಟ್ಟು ಬಂದೆ. ಎರಡು ಕಂತು ನೋಡಿದ ಮೇಲೆ ಅವರಲ್ಲೊಬ್ಬ ಫೋನ್ ಮಾಡಿದ. 'ಸರ, ಮುತ್ಯಾಗೂ ತೋರ್ಸಿದಿವ್ರಿ. ಆ ಈಜೋ ಹೊಂಡ ಕಂಡ ಕೂಡ್ಲೇ, ಇಷ್ಟ್ ನೀರು ಯಾರು ಹೊತ್ತು ಹಾಕ್ಯಾರ ಅಂತ ಕೇಳಿದ.'

'ನೀ ಏನಂದಿ?'

'ಅದು ತೋರ್ಸಂಗಿಲ್ಲ ಮುತ್ಯಾ, ಅಂದೆ.'